ಬೇಡರ ಕಣ್ಣಪ್ಪ

ಬೇಡರ ಕಣ್ಣಪ್ಪ: ಶಿವಶರಣ ಕಣ್ಣಪ್ಪನ ಪ್ರಾಚೀನ ಭಕ್ತಿಕಥೆಯನ್ನು ಆಧರಿಸಿದ ಕನ್ನಡ ಪೌರಾಣಿಕ ಕಥಾಚಿತ್ರ (1954). ನಿರ್ದೇಶನ ಎಚ್.ಎಲ್.ಎನ್. ಸಿಂಹ, ನಿರ್ಮಾಣ ಗುಬ್ಬಿ ಕರ್ನಾಟಕ ಪ್ರೊಡಕ್ಷನ್ಸ್.

ಮೂಲ: ಕಥೆಯ ಕಾವ್ಯರೂಪಗಳು ತಮಿಳಿನಲ್ಲಿ ಸೇಕ್ಕಿಳಾರನ ಪೆರಿಯ ಪುರಾಣದಲ್ಲೂ ಕನ್ನಡದಲ್ಲಿ ಹರಿಹರನ ರಗಳೆಯಲ್ಲೂ ಇವೆ. ಜಿ.ವಿ. ಅಯ್ಯರ್ ಬರೆದ ರಂಗನಾಟಕ ಚಿತ್ರಕ್ಕೆ ನೇರ ಆಧಾರ. ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಸಂಘವನ್ನು ಬೆಳೆಸಿದ, ಈ ಚಿತ್ರದ ನಿರ್ಮಾಣ ಸಂಸ್ಥೆಯ ಗುಬ್ಬಿ ವೀರಣ್ಣ ಪೌರಾಣಿಕ ರಂಗಪರಂಪರೆಯನ್ನು ಸಿನಿಮಾಕ್ಕೆ ತಂದವರಲ್ಲಿ ಪ್ರಮುಖರು.

ಕಥಾವಸ್ತು: ಬೇಟೆಗಾರನೊಬ್ಬ ಶಾಸ್ತ್ರವಿಧಿಯ ಅರಿವಿಲ್ಲದೆ ಶಿವಲಿಂಗಕ್ಕೆ ಮಾಂಸದ ಎಡೆ ಅರ್ಪಿಸುತ್ತಾನೆ. ಲಿಂಗದ ಒಂದು ಕಣ್ಣಿನಿಂದ ರಕ್ತ ಸುರಿದಾಗ ತನ್ನ ಕಣ್ಣನ್ನು ಕಿತ್ತಿಡುತ್ತಾನೆ. ಲಿಂಗದ ಇನ್ನೊಂದು ಕಣ್ಣಿನಿಂದಲೂ ರಕ್ತ ಸುರಿಯತೊಡಗಿದಾಗ, ತಾನು ಕುರುಡನಾದರೂ ಜಾಗ ತಪ್ಪದಿರಲೆಂದು ಕಾಲನ್ನು ಅಲ್ಲಿ ಊರಿ ಎರಡನೆಯ ಕಣ್ಣಿಗೂ ಕೈಹಾಕುತ್ತಾನೆ.

ತಾರಾಗಣ: ರಾಜ್‌ಕುಮಾರ್, ಪಂಡರಿಬಾಯಿ, ಜಿ.ವಿ. ಅಯ್ಯರ್, ತಿಪಟೂರಿನ ನರಸಿಂಹರಾಜು. ಸಂಗೀತ ಆರ್. ಸುದರ್ಶನಂ.

ಮಹತ್ವ: ವೃತ್ತಿರಂಗಭೂಮಿಯ ಕಲಾವಿದ ಮುತ್ತುರಾಜ್ ರಾಜ್‌ಕುಮಾರ್ ಎಂಬ ಹೆಸರಿನಲ್ಲಿ ನಾಯಕನಾದ ಮೊದಲ ಚಿತ್ರ. 2ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅರ್ಹತಾ ಪತ್ರ ಪಡೆಯಿತು. ತೆಲುಗಿನಲ್ಲಿ ಕಾಳಹಸ್ತಿ ಮಹಾತ್ಮ್ಯಂ, ಹಿಂದಿಯಲ್ಲಿ ಶಿವಭಕ್ತ ಎಂದು ಪುನರ್ನಿರ್ಮಾಣಗೊಂಡಿತು.