ಇಳಿವಯಸ್ಸಿನ ಮ್ಯಾಕ್ಯುಲಾ ಸವೆತ: ಪತ್ತೆಯ ಚರಿತ್ರೆ

ಅಕ್ಷಿಪಟದ ನಟ್ಟನಡುವಿನ ಪುಟ್ಟ ಜಾಗ ಮ್ಯಾಕ್ಯುಲಾ. ಓದಲು, ಸೂಜಿಗೆ ದಾರ ಪೋಣಿಸಲು, ಎದುರಿಗಿರುವವರ ಮುಖ ಗುರುತಿಸಲು ಇದೇ ಬೇಕು. ವಯಸ್ಸಾದಂತೆ ಇದು ಸವೆದರೆ ನೋಟದ ನಡುಭಾಗ ಮಸುಕಾಗುತ್ತದೆ. ಅಂಚಿನ ನೋಟ ಉಳಿಯುತ್ತದೆ.

ರೋಗವನ್ನು ಮೊದಲು ಗುರುತಿಸಿದವರು ಯಾರೆಂಬ ಬಗ್ಗೆ ಒಮ್ಮತವಿಲ್ಲ. ಒಬ್ಬೊಬ್ಬರು ಕಂಡದ್ದು ಅದರ ಒಂದೊಂದು ಮುಖವನ್ನು. ಅಕ್ಷಿಪಟದಡಿ ಶೇಖರವಾಗುವ, ಈಗ ಡ್ರೂಸೆನ್ ಎನ್ನಲಾಗುವ ಕಣಗಳನ್ನು ಡಚ್ ವೈದ್ಯ ಡಾಂಡರ್ಸ್ 1855ರಲ್ಲಿ ವರ್ಣಿಸಿದರು. ಲಂಡನ್ನಿನ ಹಚಿನ್ಸನ್ ಮತ್ತು ಟೇ 1870ರ ದಶಕದಲ್ಲಿ ವೃದ್ಧ ರೋಗಿಗಳ ಎರಡೂ ಕಣ್ಣುಗಳಲ್ಲಿ ಒಂದೇ ತೆರನಾದ ಕಲೆಗಳನ್ನು ದಾಖಲಿಸಿದರು. 1885ರಲ್ಲಿ ಜ್ಯೂರಿಚ್‌ನ ಹಾಬ್ ಇದನ್ನು ಮುಪ್ಪಿನ ಮ್ಯಾಕ್ಯುಲಾ ರೋಗವೆಂದು ಕರೆದರು. 1926ರಲ್ಲಿ ಯೂನಿಯಸ್ ಮತ್ತು ಕುನ್ಟ್ ವಿವರಿಸಿದ ತಟ್ಟೆಯಾಕಾರದ ಗಾಯವನ್ನು ಬಹುಕಾಲ ಬೇರೆಯೇ ಕಾಯಿಲೆ ಎಂದು ಭಾವಿಸಲಾಗಿತ್ತು. ಇವೆಲ್ಲ ಒಂದೇ ರೋಗದ ಹಂತಗಳೆಂದು ಅಮೆರಿಕದ ಡೊನಾಲ್ಡ್ ಗ್ಯಾಸ್ 1967ರಲ್ಲಿ ತೋರಿಸಿಕೊಟ್ಟರು. ಚರಿತ್ರೆಯಲ್ಲಿ ಗ್ಯಾಸ್ ಅವರಿಗೆ ಸಲ್ಲಬೇಕಾದ ಜಾಗ ದೊಡ್ಡದು.

ರೋಗಿ ತಾನೇ ದೋಷ ಕಂಡುಕೊಳ್ಳುವ ದಾರಿ ತೆರೆದವರು ಸ್ವಿಸ್ ವೈದ್ಯ ಮಾರ್ಕ್ ಆಮ್ಸ್ಲರ್. 1940ರ ದಶಕದಲ್ಲಿ ಅವರು ಬಳಕೆಗೆ ತಂದ ಚೌಕಳಿ 10 ಸೆಂ.ಮೀ. ಅಗಲ, ಅಷ್ಟೇ ಉದ್ದ. ಅದರಲ್ಲಿ 5 ಮಿ.ಮೀ.ಯ 400 ಮನೆಗಳು, ನಡುವೆ ಒಂದು ಚುಕ್ಕೆ. ಓದುವ ಕನ್ನಡಕ ಹಾಕಿ, ಒಂದು ಕಣ್ಣು ಮುಚ್ಚಿ, ಸುಮಾರು 30 ಸೆಂ.ಮೀ. ದೂರದಿಂದ ಚುಕ್ಕೆಯನ್ನೇ ನೋಡಬೇಕು. ಗೆರೆ ಸೊಟ್ಟಗೆ ಕಂಡರೆ, ಮನೆಗಳು ಮಾಯವಾದರೆ ಅಪಾಯದ ಸುಳಿವು.

ವೈದ್ಯರ ಕೈಗೆ 1961ರಲ್ಲಿ ಬಣ್ಣದ ದ್ರವ ಚುಚ್ಚಿ ಅಕ್ಷಿಪಟದ ರಕ್ತನಾಳಗಳ ಚಿತ್ರ ತೆಗೆಯುವ ಫ್ಲೋರೆಸಿನ್ ಆಂಜಿಯೋಗ್ರಫಿ, 1991ರಲ್ಲಿ ಅಕ್ಷಿಪಟದ ಪದರಗಳನ್ನು ಬಿಡಿಸಿ ತೋರಿಸುವ ಓಸಿಟಿ ಬಂದವು.

ಬೇಗ ಪತ್ತೆಯಾದರೂ ಮಾಡಬಹುದಾದದ್ದು ಬಹುಕಾಲ ಅಲ್ಪವೇ ಆಗಿತ್ತು. ಅಕ್ಷಿಪಟದಡಿ ಹೊಸದಾಗಿ ಬೆಳೆದು ಸೋರುವ ರಕ್ತನಾಳವನ್ನು ಸುಡುವ ಲೇಸರ್, ಮೇಲಿನ ಅಕ್ಷಿಪಟವನ್ನೂ ಸುಡುತ್ತಿತ್ತು. ನಿಜವಾದ ತಿರುವು 2006ರದು: ಹೊಸ ರಕ್ತನಾಳಗಳ ಬೆಳವಣಿಗೆ ತಡೆಯುವ ರಾನಿಬಿಜುಮ್ಯಾಬ್ ಚುಚ್ಚುಮದ್ದಿಗೆ ಆ ವರ್ಷ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. 2015ರಲ್ಲಿ ಭಾರತದಲ್ಲೇ ಅದರ ಬಯೋಸಿಮಿಲರ್, ಅಂದರೆ ಅದನ್ನೇ ಹೋಲುವ ಜೈವಿಕ ಔಷಧ, ಬಂತು. ರಕ್ತನಾಳ ಹೀಗೆ ಸೋರುವ ‘ಒದ್ದೆ’ ಬಗೆಯಲ್ಲಿ ವಾರಗಳ ವಿಳಂಬವೂ ದುಬಾರಿಯಾಗುವುದರಿಂದ ಮನೆಯ ತಪಾಸಣೆಗೆ ಆಗ ಬೆಲೆ ಬಂತು.

ಆದರೆ ಚೌಕಳಿಯ ಮೇಲಿನ ನಂಬಿಕೆ ಪ್ರಶ್ನಾತೀತವಲ್ಲ. ನೋಟದಲ್ಲಿನ ಸಣ್ಣ ತೂತನ್ನು ಮೆದುಳು ಸುತ್ತಲಿನ ಗೆರೆಗಳಿಂದಲೇ ತುಂಬಿಬಿಡುತ್ತದೆ. 1993ರಲ್ಲಿ ಶುಚಾರ್ಡ್ ಪ್ರಕಟಿಸಿದ ಅಧ್ಯಯನ ಇಂಥ ಅನೇಕ ತೂತುಗಳು ತಪ್ಪಿಹೋಗುವುದನ್ನು ತೋರಿಸಿತು. ಗೆರೆಗಳೆಲ್ಲ ನೆಟ್ಟಗೆ ಕಂಡರೂ, ಪಾಪೆ ಹಿಗ್ಗಿಸುವ ಹನಿ ಹಾಕಿಸಿಕೊಂಡು ಅಕ್ಷಿಪಟ ತೋರಿಸಿಕೊಳ್ಳಿ ಎಂದು ವೈದ್ಯರು ಹೇಳುವುದು ಇದಕ್ಕೇ.