ಚಾತಕದ ಎರಡು ಮಳೆಗಳು

ಕಾಳಿದಾಸನ ಕೃತಿಗಳಲ್ಲಿ ಚಾತಕಪಕ್ಷಿಯು ಕಾಣಿಸಿಕೊಳ್ಳುವ ಸ್ಥಳಗಳನ್ನು ಒಂದೆಡೆಯಲ್ಲಿಟ್ಟು, ಅವನಿಗಿಂತ ಸಾವಿರಕ್ಕೂ ಹೆಚ್ಚು ವರ್ಷಗಳ ತರುವಾಯ ಬಾಳಿದ ಭಕ್ತಕವಿಗಳ ಚಾತಕವನ್ನು ಇನ್ನೊಂದೆಡೆಯಲ್ಲಿಟ್ಟು ಓದಿದವರಿಗೆ, ಹೆಸರು ಒಂದೇ ಆದರೂ ಇವೆರಡೂ ಕಾಯುತ್ತಿರುವ ಮಳೆ ಒಂದೇ ಅಲ್ಲವೆಂಬುದು ತೋರದೆ ಇರದು. ಮೊದಲನೆಯದು ಆಷಾಢದ ಮುಗಿಲನ್ನು ಕಂಡು ಕೂಗುವ ಹಕ್ಕಿ. ಎರಡನೆಯದು ಶರತ್ಕಾಲದ ಸ್ವಾತೀನಕ್ಷತ್ರದ ಹನಿಗಲ್ಲದೆ ಬಾಯಿ ತೆರೆಯದ ವ್ರತಧಾರಿ. ಚಾತಕಪಕ್ಷಿಯಂತೆ ಕಾದೆವೆಂದು ಇಂದಿಗೂ ನುಡಿಯುವ ನಮ್ಮ ಜನರು ಅದು ಯಾವ ಮಳೆಗಾಗಿ ಕಾದ ಹಕ್ಕಿಯೆಂದು ವಿಚಾರಿಸುವ ಗೋಜಿಗೆ ಹೋಗುವುದಿಲ್ಲ. ಕೋಶಕಾರರೂ ಇವೆರಡನ್ನು ಬೇರ್ಪಡಿಸಿದಂತೆ ಕಾಣೆ. ಆದರೆ ಚಾತಕದ ಚರಿತ್ರೆಯ ಬಹುಭಾಗವು ಈ ಎರಡು ಮಳೆಗಳ ನಡುವಣ ಅಂತರದಲ್ಲಿಯೇ ಅಡಗಿದೆಯೆಂದು ನನ್ನ ಎಣಿಕೆ.

ಮೇಘದೂತದ ಯಕ್ಷನು ರಾಮಗಿರಿಯಲ್ಲಿ ನಿಂತು ಮೋಡಕ್ಕೆ ದಾರಿ ಹೇಳುವಾಗ, ಹೊರಡುವ ಮುನ್ನ ಕಾಣುವ ಶುಭಶಕುನಗಳಲ್ಲಿ ಮಂದಾನಿಲದೊಡನೆ ಎಡಗಡೆಯಲ್ಲಿ ಇಂಪಾಗಿ ಕೂಗುವ ಚಾತಕವನ್ನೂ ಹೇಳುತ್ತಾನೆ. ರಾಮಗಿರಿಯು ಇಂದಿನ ನಾಗಪುರದ ಸಮೀಪದ ರಾಮಟೇಕವೆಂದು ಬಹುಮಂದಿ ವಿದ್ವಾಂಸರು ಒಪ್ಪಿರುವರು. ಕಾಲವು ಆಷಾಢಮಾಸದ ಆದಿ. ಆಫ್ರಿಕದ ಕಡೆಯಿಂದ ನೈಋತ್ಯ ಮಾರುತದೊಡನೆ ಅರಬ್ಬೀ ಸಮುದ್ರವನ್ನು ದಾಟಿ ಬರುವ, ಚಾತಕವೆಂದು ಗುರುತಿಸಲ್ಪಟ್ಟಿರುವ ಜುಟ್ಟಿನ ಕೋಗಿಲೆಗಳು ಮಧ್ಯಭಾರತದ ಬಯಲುಗಳಲ್ಲಿ ಕಾಣಿಸಿಕೊಳ್ಳುವುದೂ ಮೇ ತಿಂಗಳ ಕೊನೆಯಿಂದ ಜೂನ್ ತಿಂಗಳೊಳಗೇ ಆದುದರಿಂದ, ಕವಿಯು ಹೇಳಿದ ಸ್ಥಳ, ಮಾಸ, ಹಕ್ಕಿ ಈ ಮೂರೂ ಒಂದಕ್ಕೊಂದು ಹೊಂದಿಕೊಂಡು ನಿಲ್ಲುತ್ತವೆ. ಇದನ್ನು ಕೇವಲ ಕವಿಸಮಯವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಕಾವ್ಯದ ಕೊನೆಯಲ್ಲಿಯೂ, ಮೋಡವು ಮಾತಾಡದೆಯೇ ಬೇಡಿದ ಚಾತಕಗಳಿಗೆ ನೀರೀಯುವುದೆಂಬ ಮಾತಿನಿಂದ ಯಕ್ಷನು ತನ್ನ ಯಾಚನೆಯನ್ನು ಮುಗಿಸುತ್ತಾನೆ. ಶಾಕುಂತಲದ ಏಳನೆಯ ಅಂಕದಲ್ಲಿ ಇಂದ್ರನ ರಥವೇರಿ ಸ್ವರ್ಗದಿಂದ ಇಳಿಯುತ್ತಿರುವ ದುಷ್ಯಂತನು, ಚಕ್ರದ ಅರೆಕಾಲುಗಳ ಸಂದಿನಿಂದ ಚಾತಕಗಳು ಹಾರಿ ಹೊರಬೀಳುವುದನ್ನು ನೋಡಿ, ತಾವು ನೀರ್ಮುಗಿಲ ಮಾರ್ಗಕ್ಕೆ ಬಂದಿರುವೆವೆಂದು ತಿಳಿದುಕೊಳ್ಳುವ ಸಂದರ್ಭವು, ನನ್ನ ದೃಷ್ಟಿಯಲ್ಲಿ, ಸಂಸ್ಕೃತ ಸಾಹಿತ್ಯದಲ್ಲಿ ಈ ಹಕ್ಕಿಗೆ ದೊರೆತ ಅತ್ಯಂತ ಸುಂದರವಾದ ಸ್ಥಾನವಾಗಿದೆ.

ಇನ್ನು ರಘುವಂಶದ ಐದನೆಯ ಸರ್ಗ. ಗುರುದಕ್ಷಿಣೆಗಾಗಿ ಹದಿನಾಲ್ಕು ಕೋಟಿ ಹೊನ್ನನ್ನು ಬೇಡಲು ಬಂದ ಕೌತ್ಸನು, ವಿಶ್ವಜಿದ್ಯಾಗದಲ್ಲಿ ಸರ್ವಸ್ವವನ್ನೂ ದಾನಮಾಡಿ ಮಣ್ಣಿನ ಪಾತ್ರೆಯಲ್ಲಿ ಅರ್ಘ್ಯವನ್ನೀಯುವ ರಘುವನ್ನು ಕಂಡು, ನೀರು ಬರಿದಾದ ಶರತ್ಕಾಲದ ಮೋಡವನ್ನು ಚಾತಕವೂ ಬೇಡದೆಂದು ಹೇಳಿ ಹಿಂದಿರುಗಲು ಅನುವಾಗುತ್ತಾನೆ. ಈ ಮಾತನ್ನು ಓದುಗರು ಇಲ್ಲಿ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಕಾಳಿದಾಸನ ಚಾತಕವು ಶರತ್ಕಾಲದ ಮೋಡವನ್ನು ಬೇಡುವುದಿಲ್ಲ. ಸ್ವಾತಿಯ ಮಳೆಯೋ, ಸೂರ್ಯನು ಆ ನಕ್ಷತ್ರದಲ್ಲಿರುವ ಅಕ್ಟೋಬರ್ ಕೊನೆಯ ವಾರದಿಂದ ನವೆಂಬರ್ ಮೊದಲ ವಾರದವರೆಗೆ, ಎಂದರೆ ಶರದೃತುವಿನ ಮಧ್ಯದಲ್ಲಿಯೇ ಬರತಕ್ಕದ್ದು.

ಹೀಗಿರುವಾಗ ಮಳೆಗಾಲದ ಈ ಹಕ್ಕಿಯು ಶರತ್ಕಾಲಕ್ಕೆ ಹೇಗೆ ಸರಿದು ಹೋಯಿತು? ನಡುವಣ ಹಂತವನ್ನು ಭರ್ತೃಹರಿಯ ನೀತಿಶತಕದಲ್ಲಿಯೂ, ಚಾತಕಾಷ್ಟಕವೆಂಬ ಹೆಸರಿನಿಂದ ಪ್ರಚಾರದಲ್ಲಿದ್ದ ಸಣ್ಣ ಪದ್ಯಮಾಲಿಕೆಗಳಲ್ಲಿಯೂ ನೋಡಬಹುದು. ಆಕಾಶದಲ್ಲಿ ಮೋಡಗಳು ಅನೇಕವಿದ್ದರೂ ಎಲ್ಲವೂ ಮಳೆಗರೆಯುವವಲ್ಲ, ಕಂಡಕಂಡವರೆದುರು ದೈನ್ಯದಿಂದ ಕೈಯೊಡ್ಡಬೇಡವೆಂದು ಭರ್ತೃಹರಿಯು ಚಾತಕಕ್ಕೆ ಹೇಳುವಾಗ, ಆ ಮಾತು ಬೀಳಬೇಕಾದುದು ಅರಸರ ಬಾಗಿಲುಗಳನ್ನು ಕಾಯುವ ಪಂಡಿತರ ಕಿವಿಗೆ. ಹಕ್ಕಿಯು ಅಲ್ಲಿಗೆ ಅನ್ಯೋಕ್ತಿಯ ಸಾಧನವಾಯಿತು. ಋತುವಿನ ಸಂಬಂಧ ಸಡಿಲಿತು. ಉಳಿದದ್ದು ಬೇಡುವವನ ಮಾನ. ತುಲಸೀದಾಸರ ದೋಹಾವಳಿಗೆ ಬಂದರೆ ಚಾತಕವನ್ನೇ ಕುರಿತ ಒಂದು ದೀರ್ಘವಾದ ದೋಹಾಸರಣಿಯೇ ಇದ್ದು, ಅಲ್ಲಿ ಹಕ್ಕಿಯು ಅನನ್ಯಭಕ್ತಿಯ ಪ್ರತಿಮೆಯಾಗಿ, ಮೋಡವು ಗುಡುಗಿ ಗದರಿಸಿ ಆಲಿಕಲ್ಲೆಸೆದರೂ ಅದನ್ನಲ್ಲದೆ ಬೇರೊಂದನ್ನು ನಂಬದೆ, ಸ್ವಾತಿಯ ಹನಿಯೊಂದಕ್ಕಾಗಿ ಜೀವವನ್ನು ಹಿಡಿದುಕೊಂಡಿರುತ್ತದೆ. ಸ್ವಾತಿಯ ಹನಿಯು ಸಿಂಪಿಯಲ್ಲಿ ಬಿದ್ದರೆ ಮುತ್ತಾಗುವುದೆಂಬ ನಂಬಿಕೆ ದೇಶದಲ್ಲೆಲ್ಲ ಹಳೆಯದು. ಅಪರೂಪವಾದುದನ್ನೇ ಬಯಸುವ ಭಕ್ತನಿಗೆ, ಎಲ್ಲರ ಗದ್ದೆಗಳ ಮೇಲೂ ಸುರಿಯುವ ಆಷಾಢದ ಮಳೆಗಿಂತ, ಮುತ್ತನ್ನು ಹೆರುವ ಈ ಹನಿಯೇ ಒಪ್ಪುವುದಷ್ಟೆ. ಭಕ್ತಿಯ ದೃಷ್ಟಿಯಿಂದ ಇದು ಉನ್ನತವಾದ ಕಲ್ಪನೆಯೆಂಬುದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಸ್ವಾತಿಯ ಮಳೆ ಬೀಳುವ ಹೊತ್ತಿಗೆ ಉತ್ತರಭಾರತದ ಜುಟ್ಟಿನ ಕೋಗಿಲೆಗಳು ಮರಿಮಾಡುವ ಕಾರ್ಯವನ್ನು ಮುಗಿಸಿ ಬಹುಮಟ್ಟಿಗೆ ಆಫ್ರಿಕದ ದಾರಿ ಹಿಡಿದಿರುತ್ತವೆ.

ಋತುವಿನಿಂದ ಬಿಡಿಸಿಕೊಂಡ ಮೇಲೆ ಚಾತಕವು ಒಂದೇ ದೇಹದಲ್ಲಿ ನಿಲ್ಲಲಿಲ್ಲ. ಹಿಂದಿಯ ನಾಡಿನಲ್ಲಿ ಡೇಗೆಯನ್ನು ಹೋಲುವ ಬೇರೊಂದು ಕೋಗಿಲೆಯಾದ ಪಪೀಹವು ಅದರೊಡನೆ ಬೆರೆತುಹೋಯಿತು. ಮಲೆಯಾಳದಲ್ಲಿ ಮಳೆಗೆ ಬಾಯಾರಿ ಕಾಯುವ ಹಕ್ಕಿಯೆಂದರೆ ವೇಳಾಂಬಲ್, ನಾವು ಮಂಗಟ್ಟೆಯೆನ್ನುವ ದೊಡ್ಡ ಕೊಕ್ಕಿನ ಕಾಡುಹಕ್ಕಿ. ಬಂಗಾಳದ ಪಕ್ಷಿವಿಜ್ಞಾನಿ ಸತ್ಯಚರಣ ಲಾಹಾರವರು ತಮ್ಮ ಪ್ರಾಂತದಲ್ಲಿ ಚಾತಕವೆನ್ನಿಸಿಕೊಂಡದ್ದು ಪುಟ್ಟದಾದ ಹಳದಿ ಬಣ್ಣದ ಮಧುರಕಂಠವೆಂದು ಬರೆದರು; ತಾವು ಪಂಜರದಲ್ಲಿ ಸಾಕಿದ ಆ ಹಕ್ಕಿಯು ಎಲೆಗಳ ಮೇಲೆ ನಿಂತ ಇಬ್ಬನಿಯನ್ನೂ ಸಿಂಪಡಿಸಿದ ಹನಿಗಳನ್ನೂ ಮಾತ್ರ ಹೀರುತ್ತಿದ್ದುದನ್ನು ನೋಡಿ, ನೆಲದ ನೀರನ್ನು ಮುಟ್ಟದ ಪಕ್ಷಿಯ ಕಥೆಗೆ ಇದೇ ಮೂಲವಾಗಿರಬಹುದೆಂದು ಅವರು ಊಹಿಸಿದರು. ಗ್ರಂಥಗಳಿಂದಲ್ಲದೆ ಪಂಜರದ ಮುಂದೆ ಕುಳಿತು ನೋಡಿ ಹೇಳಿದ ಮಾತಾದುದರಿಂದ ಅದಕ್ಕೆ ನಾನು ತುಂಬ ಬೆಲೆ ಕೊಡುತ್ತೇನೆ. ಗಂಟಲಲ್ಲಿ ರಂಧ್ರವಿರುವುದರಿಂದ ತಲೆ ಬಗ್ಗಿಸಿ ನೀರು ಕುಡಿಯಲಾರದು, ಪೂರ್ವದ ಶಾಪವೊಂದು ಅದಕ್ಕಿದೆ ಎಂಬಂಥ ಜನಪದದ ವಿವರಣೆಗಳು ಇವೆಲ್ಲ ಹಕ್ಕಿಗಳಿಗೂ ಸಲ್ಲುವಂತೆ ಹಬ್ಬಿದವು. ಬೇಸಗೆಯ ಬಿಸಿಲು ತಡೆಯಲಾರದೆ ಬಾಯಾರಿದ ನಾಡು, ತನ್ನ ಕಣ್ಣೆದುರಿಗೆ ಕೂಗುವ ಹಕ್ಕಿಗೆ ತನ್ನ ನೀರಡಿಕೆಯನ್ನೇ ಹೊರಿಸಿತು.

ಪಾಶ್ಚಾತ್ಯ ಗ್ರಂಥಗಳಲ್ಲಿ ಜುಟ್ಟಿನ ಕೋಗಿಲೆಯ ಪ್ರವೇಶವಾದದ್ದು ಕೋರಮಂಡಲ ತೀರದ ಮೂಲಕ. ಫ್ರಾನ್ಸಿನ ಬುಫಾನನ ಪಕ್ಷಿಗ್ರಂಥಕ್ಕಾಗಿ ಅಚ್ಚಾಗಿ ಕೈಯಿಂದ ಬಣ್ಣ ತುಂಬಿದ ಚಿತ್ರಪಟಗಳಲ್ಲಿ ಒಂದು ಇದರದು. ಡಚ್ ವೈದ್ಯನಾದ ಬೊಡೆರ್ಟನು 1783ರಲ್ಲಿ ಆ ಚಿತ್ರಗಳಿಗೆಲ್ಲ ಲ್ಯಾಟಿನ್ ನಾಮಗಳನ್ನು ಕೊಟ್ಟಾಗ, ಕಪ್ಪು ನಿಲುವಂಗಿಯ ಕೆಳಗೆ ಬಿಳಿಯ ಉಡುಪು ಧರಿಸುವ ಜಾಕೊಬಿನ್ ಸನ್ಯಾಸಿಗಳನ್ನು ನೆನೆದು ಇದಕ್ಕೆ ಜಾಕೊಬಿನಸ್ ಎಂದು ಹೆಸರಿಟ್ಟನು. ಮುಂದೆ ಸಂಸ್ಕೃತವನ್ನೋದಿದ ಐರೋಪ್ಯರು ಕೋಶಗಳಲ್ಲಿ ಚಾತಕಕ್ಕೆ ಇದೇ ಹಕ್ಕಿಯನ್ನು ಅರ್ಥವಾಗಿ ಬರೆದರು. ಮೋನಿಯರ್ ವಿಲಿಯಮ್ಸನ ನಿಘಂಟಿನಲ್ಲಿ ಅದನ್ನು ಈಗಲೂ ಕಾಣಬಹುದು. ಪಂಜಾಬಿನಲ್ಲಿ ಪೋಲೀಸ್ ಅಧಿಕಾರಿಯಾಗಿದ್ದ ಹ್ಯೂ ವಿಸ್ಲರನು 1928ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಈ ಹಕ್ಕಿಯ ವಲಸೆಯನ್ನೇ ಕುರಿತು ಲೇಖನವನ್ನು ಪ್ರಕಟಿಸಿದನು. 2020ರಲ್ಲಿ ಡೆಹರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯವರು ಎರಡು ಹಕ್ಕಿಗಳ ಬೆನ್ನಿಗೆ ಉಪಗ್ರಹದೊಡನೆ ಸಂಪರ್ಕವಿರಿಸುವ ಪುಟ್ಟ ಯಂತ್ರಗಳನ್ನು ಕಟ್ಟಿ ಹಾರಿಬಿಟ್ಟು, ಒಂದಕ್ಕೆ ಮೇಘವೆಂದೂ ಇನ್ನೊಂದಕ್ಕೆ ಚಾತಕವೆಂದೂ ಹೆಸರಿಟ್ಟರು. ಕಾಳಿದಾಸನನ್ನು ಓದಿದ ಕೈಗಳು ಆ ಯಂತ್ರವನ್ನು ಕಟ್ಟಿದವೆಂಬುದು ನನಗೆ ಪರಮಸಂತೋಷದ ಸಂಗತಿ.

ಈಗ ಹಕ್ಕಿಯ ನಿಜವಾದ ಜೀವನವನ್ನು ನೋಡೋಣ; ಅದರಲ್ಲಿಯೇ ಕಾಳಿದಾಸನ ಪಕ್ಷಕ್ಕೆ ಬೇಕಾದ ಸಾಕ್ಷ್ಯವಿದೆ. ಕೊಕ್ಕಿನಿಂದ ಬಾಲದ ತುದಿಯವರೆಗೆ ಸುಮಾರು 33 ಸೆಂಟಿಮೀಟರ್ ಉದ್ದ. ಮೇಲೆಲ್ಲ ಕಪ್ಪು, ಕೆಳಗೆಲ್ಲ ಬಿಳುಪು. ತಲೆಯ ಮೇಲೆ ಚೂಪಾದ ಜುಟ್ಟು. ಹಾರುವಾಗ ರೆಕ್ಕೆಯಲ್ಲಿ ಎದ್ದು ತೋರುವ ಬಿಳಿಯ ಪಟ್ಟೆ. ಉದ್ದನೆಯ ಬಾಲದ ಗರಿಗಳ ಕೊನೆಗಳಲ್ಲಿಯೂ ಬಿಳಿಯ ಅಂಚು. ಮರದ ನೆತ್ತಿಯಲ್ಲೋ ಹಾರುತ್ತಲೋ ಪಿಯೂ, ಪೀ-ಪೀ-ಪಿಯೂ ಎಂದು ಲೋಹದ ದನಿಯಲ್ಲಿ ಹಗಲೂ ಕೆಲವೊಮ್ಮೆ ಇರುಳೂ ಕೂಗುತ್ತದೆ. ಇತರ ಹಕ್ಕಿಗಳು ಸಾಮಾನ್ಯವಾಗಿ ಮುಟ್ಟದ ಕಂಬಳಿಹುಳುಗಳೇ ಇದಕ್ಕೆ ಪ್ರಿಯವಾದ ಆಹಾರ. ನೀರಿನಂಶವು ತುಂಬಿರುವ ಆ ಹುಳುಗಳು ಮುಂಗಾರಿನ ಮಳೆ ಬಿದ್ದು ಎಲೆ ಚಿಗುರಿದೊಡನೆ ಹೇರಳವಾಗುತ್ತವೆ.

ಗೂಡನ್ನು ಇದು ಕಟ್ಟುವುದಿಲ್ಲ. ಗುಂಪುಗಟ್ಟಿಕೊಂಡು ನೆಲದ ತರಗೆಲೆಗಳಲ್ಲಿ ಗದ್ದಲಮಾಡುತ್ತ ಹುಳುಗಳನ್ನು ಕೆದಕುವ ಮಣ್ಣುಬಣ್ಣದ ಹರಟೆಮಲ್ಲಗಳ ಗೂಡಿನಲ್ಲಿ ಇದು ಮೊಟ್ಟೆಯಿಡುತ್ತದೆ. ಹರಟೆಮಲ್ಲದ ಮೊಟ್ಟೆ ಹೊಳೆಯುವ ನೀಲಿ. ಭಾರತದಲ್ಲಿ ಚಾತಕದ ಮೊಟ್ಟೆಯೂ ಅದೇ ನೀಲಿ. ದಕ್ಷಿಣ ಆಫ್ರಿಕದಲ್ಲಿ ಪಿಕಳಾರದ ಗೂಡುಗಳನ್ನು ಆಶ್ರಯಿಸುವ ಇದೇ ಜಾತಿಯ ಹಕ್ಕಿಗಳು ಬಿಳಿಯ ಮೊಟ್ಟೆಯನ್ನಿಡುತ್ತವೆಂಬುದನ್ನು ಇದರೊಡನೆ ಸೇರಿಸಿ ನೋಡಿದರೆ, ನಮ್ಮ ನಾಡಿನ ಹರಟೆಮಲ್ಲಕ್ಕೂ ಚಾತಕಕ್ಕೂ ನಡುವೆ ಎಷ್ಟು ದೀರ್ಘಕಾಲದ ಸಂಬಂಧವಿರಬೇಕೆಂಬುದು ಅರಿವಾಗುವುದು. ಹೆಣ್ಣು ಅವಸರದಿಂದ ಬಂದು, ಗೂಡಿನ ಅಂಚಿನಲ್ಲಿಯೇ ನಿಂತು ಮೊಟ್ಟೆಯನ್ನು ಕೆಡವಿ ಹೋಗುವುದುಂಟು. ಕೆಳಗಿದ್ದ ಮೊಟ್ಟೆಗಳು ಅದರ ಪೆಟ್ಟಿಗೆ ಬಿರಿಯುವುದೂ ಉಂಟು. ಆದರೆ ಯುರೋಪಿನ ಕೋಗಿಲೆಯ ಮರಿಯಂತೆ ಚಾತಕದ ಮರಿಯು ಇತರ ಮರಿಗಳನ್ನು ಗೂಡಿನಿಂದ ಹೊರಕ್ಕೆ ದೂಡುವುದಿಲ್ಲ, ಅವುಗಳೊಡನೆಯೇ ಬೆಳೆಯುತ್ತದೆ. ದೆಹಲಿಯ ಸುತ್ತಮುತ್ತ ಇದನ್ನು ಅಭ್ಯಸಿಸಿದ ಗ್ಯಾಸ್ಟನ್ನನು 1976ರಲ್ಲಿ ತನ್ನ ಶೋಧನೆಯನ್ನು ಪ್ರಕಟಿಸಿದನು. ಹರಟೆಮಲ್ಲಗಳಲ್ಲಿ ತಂದೆತಾಯಿಗಳಲ್ಲದೆ ಗುಂಪಿನ ಇತರ ಹಕ್ಕಿಗಳೂ ಮರಿಗೆ ಗುಟುಕು ಕೊಡುವ ಪದ್ಧತಿಯಿರುವುದರಿಂದ, ಆ ಮನೆಯಲ್ಲಿ ಬೆಳೆಯುವ ಪರಕೀಯ ಮರಿಗೆ ಸಾಕುವ ಕೈಗಳಿಗೆ ಕೊರತೆಯಿಲ್ಲ.

ಹರಟೆಮಲ್ಲಗಳ ಗೂಡುಗಳು ಹೆಚ್ಚಾಗಿ ಸಿಕ್ಕುವುದು ಮಳೆಯ ದಿನಗಳಲ್ಲಿ. ಆದುದರಿಂದ ಸಾಗರವನ್ನು ದಾಟಿ ಬರುವ ಚಾತಕಕ್ಕೆ ಮುಂಗಾರು ಬೇಕಾದುದು ಗಂಟಲನ್ನು ತಣಿಸುವುದಕ್ಕಲ್ಲ, ಸಂತತಿಯನ್ನು ಮುಂದುವರಿಸುವುದಕ್ಕೆ. ಮಳೆ ಬಂದರಲ್ಲವೆ ಹುಳು. ಹುಳುವಿದ್ದರಲ್ಲವೆ ಹರಟೆಮಲ್ಲದ ಗೂಡು. ಮೋಡವನ್ನು ಚಾತಕವು ಬೇಡುತ್ತದೆಂದ ಕವಿಯ ಮಾತು ಈ ಅರ್ಥದಲ್ಲಿ ಸಂಪೂರ್ಣವಾಗಿ ಸತ್ಯವಾಗಿದೆ, ಮತ್ತು ಶರತ್ತಿನ ಮೋಡವನ್ನು ಬೇಡದೆಂಬುದೂ ಅಷ್ಟೇ ಸತ್ಯವಾಗಿದೆ.

ಕನ್ನಡಕ್ಕೆ ಈ ಹಕ್ಕಿಯು ಮಾರ್ಗಕಾವ್ಯಗಳ ವರ್ಷಾಕಾಲದ ವರ್ಣನೆಗಳ ಮೂಲಕ ಬಂದು, ಆಮೇಲೆ ಮೈಸೂರಿನ ಆಸ್ಥಾನದಲ್ಲಿದ್ದ ಬಸವಪ್ಪಶಾಸ್ತ್ರಿಗಳ ಶಾಕುಂತಲದ ಕನ್ನಡ ಅವತರಣಿಕೆಯಿಂದಲೂ, ಬೇಂದ್ರೆಯವರು 1943ರಲ್ಲಿ ಹೊರತಂದ ಕನ್ನಡ ಮೇಘದೂತದಿಂದಲೂ ಮತ್ತೆಮತ್ತೆ ಬೇರೂರಿತು. ಆದರೆ ನಮ್ಮ ಬಯಲುಸೀಮೆಯ ಒಕ್ಕಲಿಗನ ನಕ್ಷತ್ರಗಣನೆಯಲ್ಲಿ ಎರಡು ಮಳೆಗಳಿಗೂ ಅವುಗಳದೇ ಆದ ಸ್ಥಾನವಿದೆಯೆಂಬುದನ್ನು ಮರೆಯಲಾಗದು. ರೋಹಿಣಿ, ಮೃಗಶಿರ, ಆರಿದ್ರೆಗಳು ಮುಂಗಾರಿನ ಬಿತ್ತನೆಗೆ. ಸ್ವಾತಿಯಾದರೋ ಉತ್ತರಕರ್ನಾಟಕದ ಎರೆಯ ನೆಲದಲ್ಲಿ ಮೊಳೆತು ನಿಂತ ಹಿಂಗಾರಿ ಜೋಳವನ್ನು ಕಾಪಾಡುವ ಮಳೆ. ಅಲ್ಲಿಯ ರೈತನು ಸ್ವಾತಿಗಾಗಿ ಆಕಾಶವನ್ನು ನೋಡುತ್ತ ನಿಂತನೆಂದರೆ ತುಲಸೀದಾಸರ ಚಾತಕವು ಅವನೇ. ಹಕ್ಕಿಗೆ ಆ ಮಳೆಯ ಹಂಗಿಲ್ಲ.

ದಕ್ಷಿಣದ ಹಕ್ಕಿಗಳ ವಿಷಯದಲ್ಲಿ ಇನ್ನೊಂದು ವಿಶೇಷವುಂಟು. ಉತ್ತರಭಾರತಕ್ಕೆ ಬರುವವು ಅತಿಥಿಗಳು; ನಮ್ಮ ಪರ್ಯಾಯದ್ವೀಪದ ತೆಂಕಣ ಭಾಗದಲ್ಲಿಯೂ ಸಿಂಹಳದಲ್ಲಿಯೂ ಇರುವ ಪ್ರಭೇದವು ಗಾತ್ರದಲ್ಲಿ ತುಸು ಚಿಕ್ಕದಾಗಿದ್ದು, ಮಳೆಯನ್ನನುಸರಿಸಿ ಅಲ್ಲಿಂದಿಲ್ಲಿಗೆ ಸರಿದಾಡಿದರೂ ನಾಡನ್ನು ಬಿಟ್ಟು ಹೋಗುವುದಿಲ್ಲ. ಬೊಡೆರ್ಟನು ಹೆಸರಿಟ್ಟದ್ದೂ ಇದಕ್ಕೇ. ದಟ್ಟವಾದ ಮಲೆನಾಡಿನ ಕಾಡು ಇದಕ್ಕೆ ಹಿಡಿಸದು. ಜಾಲಿ, ಕಾರೆ, ಕವಳಿ, ಬೋರೆಗಳ ಪೊದೆಗಳು ಹರಡಿಕೊಂಡ ಕುರುಚಲು ಬಯಲು, ಹೊಲದ ಬದುವಿನ ಬೇಲಿ, ಕೆರೆಯ ಹಿಂದಣ ತೋಪು, ಇವೇ ಇದರ ನೆಲೆ. ಈ ಕುರುಚಲು ನೆಲವನ್ನು ಸರಕಾರದ ಲೆಕ್ಕಪುಸ್ತಕಗಳಲ್ಲಿ ಬಂಜರೆಂದು ಬರೆಯುವ ರೂಢಿ ಬಹುಕಾಲದಿಂದ ನಡೆದುಬಂದಿದೆ. ಬಂಜರೆಂದ ಮೇಲೆ ಅದರಲ್ಲಿ ನೀಲಗಿರಿಯ ಸಸಿಗಳನ್ನು ಸಾಲುಗಟ್ಟಿ ನೆಡುವುದು ಸುಧಾರಣೆಯೆನ್ನಿಸಿಕೊಂಡಿತು. ಮುಳ್ಳುಪೊದೆಯಿಲ್ಲದ ಆ ಸಾಲುಗಳಲ್ಲಿ ಹರಟೆಮಲ್ಲಕ್ಕೆ ಗೂಡಿಗೆ ಎಡೆಯಿಲ್ಲ, ಕಂಬಳಿಹುಳುಗಳಿಗೆ ಮೇಯಲು ಚಿಗುರಿಲ್ಲ. ಮೃಗಶಿರೆಯ ಮಳೆ ಎಷ್ಟೇ ಚೆನ್ನಾಗಿ ಬಂದರೂ ಅಲ್ಲಿ ಚಾತಕವು ಮರಿಮಾಡುವುದಿಲ್ಲ.