ಬಿಸಿನೀರಿನ ಮೂರ್ಛೆ: ಸೆಳವಿನ ಬಗೆಗಳು ಮತ್ತು ಚಿಕಿತ್ಸಾಕ್ರಮ, ಹುಬ್ಬಳ್ಳಿ-ಧಾರವಾಡದ ಸಂದರ್ಭದಲ್ಲಿ

ಸಾರಾಂಶ: ಸೆಳವಿನ ಬಗೆ ತಿಳಿಯದೆ ಮೂರ್ಛೆರೋಗಕ್ಕೆ ತಕ್ಕ ಔಷಧ ನಿರ್ಧರಿಸಲಾಗದು. ಕರ್ನಾಟಕದ ವೈದ್ಯರು ವಿವರವಾಗಿ ಅಧ್ಯಯನ ಮಾಡಿರುವ ಬಿಸಿನೀರಿನ ಮೂರ್ಛೆಯನ್ನು ಆಧರಿಸಿ ಲೇಖನ ಈ ವಾದವನ್ನು ಮಂಡಿಸುತ್ತದೆ.

ಬಗೆಗಳು

ಮಿದುಳಿನ ನರಕೋಶಗಳ ವಿದ್ಯುತ್ ಚಟುವಟಿಕೆ ಹಠಾತ್ತನೆ ಮಿತಿಮೀರಿದಾಗ ಸೆಳವು ಬರುತ್ತದೆ. 2017ರ ಅಂತಾರಾಷ್ಟ್ರೀಯ ವರ್ಗೀಕರಣ ಸೆಳವಿನ ಮೂಲವನ್ನು ಆಧಾರವಾಗಿಟ್ಟುಕೊಂಡಿದೆ. ಮಿದುಳಿನ ಒಂದು ಭಾಗದಿಂದ ಹೊರಟದ್ದು ಆಂಶಿಕ. ಎರಡೂ ಅರೆಗೋಳಗಳಲ್ಲಿ ಒಮ್ಮೆಗೇ ಶುರುವಾದದ್ದು ಸಾರ್ವತ್ರಿಕ. ಮೂಲ ತಿಳಿಯದ್ದು ಮೂರನೆಯ ಗುಂಪು. ಕೈಕಾಲು ಸೆಟೆದು ಬಾಯಲ್ಲಿ ನೊರೆ ಬಂದರೆ ಫಿಟ್ಸ್ ಎಂದು ಮನೆಯವರಿಗೆ ಕೂಡಲೇ ತಿಳಿಯುತ್ತದೆ. ಮಗು ಕೆಲವು ಸೆಕೆಂಡು ಮಾತು ನಿಲ್ಲಿಸಿ ಎವೆಯಿಕ್ಕದೆ ನೋಡಿದರೆ, ಅದೂ ಸೆಳವೇ ಆಗಿರಬಹುದಾದರೂ, ಓದಿನಲ್ಲಿ ಲಕ್ಷ್ಯವಿಲ್ಲ ಎಂಬ ಬೈಗುಳವೇ ಸಿಗುತ್ತದೆ. ಆಂಶಿಕ ಸೆಳವಿಗೆ ಒದಗುವ ಕಾರ್ಬಮಾಜೆಪಿನ್, ಈ ಎವೆಯಿಕ್ಕದ ಬಗೆಯನ್ನು ಉಲ್ಬಣಿಸಬಲ್ಲದು.

ಬಿಸಿನೀರಿನ ಮೂರ್ಛೆ

ಬಿಸಿನೀರಿನ ಮೂರ್ಛೆಯ ಮೊದಲ ವರದಿ 1945ರಲ್ಲಿ ನ್ಯೂಜಿಲೆಂಡಿನಿಂದ ಬಂತು. ನಮ್ಮಲ್ಲಿ ಕೆ.ಎಸ್. ಮಣಿ ಮತ್ತು ಸಂಗಡಿಗರು ಇದನ್ನು ಗುರುತಿಸಿದರು, ಬೆಂಗಳೂರಿನ ನಿಮ್ಹಾನ್ಸ್‌ನ ಪಿ. ಸತೀಶ್ಚಂದ್ರ ಮತ್ತು ಸಹೋದ್ಯೋಗಿಗಳು 1988ರಲ್ಲಿ 279 ರೋಗಿಗಳ ವಿವರ ಪ್ರಕಟಿಸಿದರು. ಹಂಡೆಯ ಸುಡುನೀರನ್ನು ತಂಬಿಗೆಯಿಂದ ಬಿಡುವಿಲ್ಲದೆ ತಲೆಗೆ ಸುರಿದುಕೊಳ್ಳುವಾಗ ಸೆಳವು ಬರುತ್ತದೆ. ಗಂಡಸರಲ್ಲಿ ಹೆಚ್ಚು, ಬಹುಪಾಲು ಆಂಶಿಕ ಬಗೆಯದು. ಕೆಲವರಿಗೆ ಅದರಿಂದ ಒಂದು ಸುಖಾನುಭವವಾಗಿ, ಬೇಕೆಂದೇ ನೀರು ಸುರಿದುಕೊಳ್ಳುತ್ತಲೇ ಇರುತ್ತಾರೆ. ದೇಹದ ಉಷ್ಣ ನಿಯಂತ್ರಣದ ದೋಷ ಇದಕ್ಕೆ ಕಾರಣವಿರಬೇಕೆಂಬುದು ಸಂಶೋಧಕರ ಊಹೆ.

ಎರಡು ಸೆಳವುಗಳ ನಡುವಿನ ದಿನಗಳಲ್ಲಿ, ಮಿದುಳಿನ ವಿದ್ಯುತ್ ಚಟುವಟಿಕೆ ದಾಖಲಿಸುವ ಇಇಜಿ ಸಾಮಾನ್ಯವಾಗಿ ಸಹಜವಾಗಿಯೇ ಇರುತ್ತದೆ. ಆದ್ದರಿಂದ ಯಂತ್ರಕ್ಕಿಂತ ಮನೆಯವರ ಮಾತೇ ಮುಖ್ಯ ಸಾಕ್ಷ್ಯ. ಬಚ್ಚಲಲ್ಲಿ ಎರೆದುಕೊಳ್ಳುವಾಗಲಷ್ಟೇ ಬರುತ್ತದೆಯೇ ಎಂದು ವೈದ್ಯರು ಕೇಳಬೇಕು. ಹೌದಾದರೆ ನೀರಿನ ಬಿಸಿ ತಗ್ಗಿಸುವುದೇ ಮೊದಲ ಚಿಕಿತ್ಸೆ. ಅಷ್ಟು ಸಾಲದವರಿಗೆ ತಲೆಸ್ನಾನಕ್ಕೆ ಒಂದೂವರೆ-ಎರಡು ತಾಸು ಮುಂಚೆ ಕ್ಲೋಬಜಾಮ್ ಮಾತ್ರೆ ಕೊಡುವುದುಂಟು. ಸ್ನಾನವಿಲ್ಲದ ಹೊತ್ತಿನಲ್ಲೂ ಸೆಳವು ಬಂದರೆ ದಿನನಿತ್ಯದ ಔಷಧ ಬೇಕಾಗುತ್ತದೆ.

ಚಿಕಿತ್ಸೆಯ ಅಂತರ

ಬೆಂಗಳೂರು ಭಾಗದಲ್ಲಿ ಲಕ್ಷಕ್ಕೂ ಹೆಚ್ಚು ಜನರನ್ನು ಒಳಗೊಂಡ, 2004ರಲ್ಲಿ ಪ್ರಕಟವಾದ ನಿಮ್ಹಾನ್ಸ್ ಸಮೀಕ್ಷೆ ಹಳ್ಳಿಗಳಲ್ಲಿ ಸಾವಿರಕ್ಕೆ 11.9, ನಗರದಲ್ಲಿ 5.7 ಮೂರ್ಛೆರೋಗಿಗಳನ್ನು ಗುರುತಿಸಿತು. ರೋಗ ಹೆಚ್ಚಿರುವುದು ಹಳ್ಳಿಗಳಲ್ಲಿ, ತಜ್ಞರಿರುವುದು ನಗರದಲ್ಲಿ. ಕಿಮ್ಸ್ ಎಂದೇ ಜನ ಕರೆಯುವ ಹುಬ್ಬಳ್ಳಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗೂ ಧಾರವಾಡದ ಡಿಮ್ಹಾನ್ಸ್‌ಗೂ ಸುತ್ತಲಿನ ಹಳ್ಳಿಗಳಿಂದ ರೋಗಿಗಳು ಬರುತ್ತಾರೆ. ಡಿಮ್ಹಾನ್ಸ್ ಮೊದಲು ಮಾನಸಿಕ ಆಸ್ಪತ್ರೆಯಾಗಿದ್ದುದರಿಂದ ಅಲ್ಲಿಗೆ ಹೋಗಲು ಹಿಂಜರಿಯುವವರಿದ್ದರೆ ಅಚ್ಚರಿಯಿಲ್ಲ. ಮೂರ್ಛೆಯ ಬಗೆಗಿನ ಕಳಂಕ ಕಾನೂನಿನಲ್ಲೂ ಇತ್ತು: ಹುಚ್ಚಿನ ಸಾಲಿನಲ್ಲಿ ಮೂರ್ಛೆಯನ್ನೂ ಸೇರಿಸಿದ್ದ ಹಿಂದೂ ವಿವಾಹ ಕಾಯ್ದೆಯಿಂದ ಆ ಪದ ಬಿದ್ದುಹೋದದ್ದು 1999ರಲ್ಲಿ.

ನಿರ್ಣಯ

ಸರಿಯಾದ ಔಷಧ ಸಿಕ್ಕರೆ ನೂರಕ್ಕೆ 70ರಷ್ಟು ರೋಗಿಗಳು ಸೆಳವಿಲ್ಲದೆ ಬಾಳಬಲ್ಲರು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸೆಳವು ಬಂದಾಗ ಕೈಗೆ ಕೀಲಿಕೈ ಕೊಡುವುದರಿಂದಾಗಲಿ ಉಳ್ಳಾಗಡ್ಡಿ ಮೂಸಿಸುವುದರಿಂದಾಗಲಿ ಪ್ರಯೋಜನವಿಲ್ಲ. ರೋಗಿಯನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು, ಬಾಯಿಗೆ ಏನನ್ನೂ ತುರುಕಬಾರದು. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಒಯ್ಯಬೇಕು. ಸೆಳವು ಯಾವಾಗ, ಏನು ಮಾಡುವಾಗ, ಹೇಗೆ ಶುರುವಾಯಿತೆಂಬುದನ್ನು ಬರೆದಿಟ್ಟು, ಸಾಧ್ಯವಾದರೆ ಮೊಬೈಲಿನಲ್ಲಿ ಚಿತ್ರಿಸಿ ವೈದ್ಯರಿಗೆ ತೋರಿಸಬೇಕು. ವೈದ್ಯರು ಹೇಳದೆ ಮಾತ್ರೆ ನಿಲ್ಲಿಸಬಾರದು.